ಅಂಗಳದ ಸಿಪ್ಪೆ, ಪಕ್ಕದ ಬಿಳಿಕಲ್ಲು

ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಫ್ಲಾಟಿನ ಮುಂದೆ, ಗೋಡೆಗೂ ರಸ್ತೆಗೂ ನಡುವೆ, ಒಂದು ಪಟ್ಟಿ ನೆಲವಿದೆ. ಎರಡು ಮಂಚ ಪಕ್ಕಪಕ್ಕದಲ್ಲಿ ಹಾಕಿದರೆ ಮುಗಿಯಿತು, ಅಷ್ಟೇ ಅಗಲ. ಕಾಗದದ ಪ್ರಕಾರ ಅದು ನಮ್ಮದಲ್ಲ, ಇಡೀ ಬ್ಲಾಕಿನದು. ಆದರೆ ಅದನ್ನು ಗುಡಿಸುವವರೂ ನೀರು ಹಾಕುವವರೂ ನೆಲಮಹಡಿಯವರೇ ಆದ್ದರಿಂದ, ಬೇರೆಯವರು ಪ್ರಶ್ನೆ ಎತ್ತುವ ತನಕ ಅದು ನಮ್ಮದೇ. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ ಅದು ಅತ್ತೆಯದು.

ಅತ್ತೆ ಉಡುಪಿಯ ಕಡಲಬದಿಯವರು. ಪೀತಮ್‌ಪುರದಲ್ಲಿ ಮಾವ ಇಡ್ಲಿ ದೋಸೆಯ ಹೋಟೆಲು ತೆರೆದ ಹೊಸದರಲ್ಲಿ ಮದುವೆಯಾಗಿ ದೆಹಲಿಗೆ ಬಂದವರು. ಮಾವ ಈಗಿಲ್ಲ. ಹೋಟೆಲನ್ನು ನನ್ನ ಗಂಡ ನೋಡಿಕೊಳ್ಳುತ್ತಾರೆ. ನಾನು ಬಹಳ ವರ್ಷ ಒಂದು ಸುದ್ದಿಸಂಸ್ಥೆಯ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದದ್ದನ್ನು ತಿದ್ದಿದವಳು. ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಬಾರದು ಎಂಬುದು ಅಲ್ಲಿ ಕಲಿತ ಪಾಠ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಹೋಟೆಲಿನಲ್ಲಿ ಮಾವನ ಕಾಲದಿಂದ ಒಂದು ಕ್ರಮ ನಡೆದು ಬಂದಿದೆ. ಮಲ್ಲಿಗೆ ಬಿಡುವ ತಿಂಗಳುಗಳಲ್ಲಿ, ಬೆಳಗಿನ ಮೊದಲ ಮಾಲೆ ಗಲ್ಲಾದ ಮೇಲಿನ ದೇವರ ಪಟಕ್ಕೆ ಹೋಗಬೇಕು. ಅದು ಮನೆಯ ಗಿಡದ್ದೇ ಆಗಬೇಕು. ಮಾಲೆ ಹಾಕದೆ ಮಾವ ಗಲ್ಲಾದ ಬೀಗ ತೆಗೆಯುತ್ತಿರಲಿಲ್ಲವಂತೆ. ಚಳಿಗಾಲದಲ್ಲಿ ಮಾರುಕಟ್ಟೆಯ ಚೆಂಡುಹೂವು ನಡೆಯುತ್ತದೆ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಮಲ್ಲಿಗೆಯ ಕಾಲದಲ್ಲಿ ಹೂವನ್ನು ಕೊಂಡು ತರುವ ಪರಿಸ್ಥಿತಿ ಬಂದರೆ ಅತ್ತೆ ಆ ದಿನವಿಡೀ ಮಾತು ಕಡಿಮೆ ಮಾಡುತ್ತಾರೆ.

ಗಿಡಗಳು ಊರಿನಿಂದ ರೈಲಿನಲ್ಲಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದವು. ಇಲ್ಲಿನ ಮೊಗ್ರಾದ ಹಾಗೆ ದಪ್ಪ ಎಸಳಿನವಲ್ಲ, ತೆಳುವಾದ ಉದ್ದ ತೊಟ್ಟಿನ ಊರ ಮಲ್ಲಿಗೆ. ದೆಹಲಿಯ ಬೇಸಗೆ ಅವಕ್ಕೆ ಹೇಳಿ ಮಾಡಿಸಿದ್ದಲ್ಲ. ಲೂ ಎಂಬ ಬಿಸಿಗಾಳಿ ಬೀಸಲು ಶುರುವಾದರೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ನೆಲವೂ ಅಷ್ಟಕ್ಕಷ್ಟೆ, ಒಂದು ಗೇಣು ಅಗೆದರೆ ಕಟ್ಟಡ ಕಟ್ಟಿದವರು ಬಿಟ್ಟುಹೋದ ಮಲ್ಬಾ, ಅಂದರೆ ಇಟ್ಟಿಗೆಯ ಚೂರು, ಗಾರೆಯ ಹೆಂಟೆ. ಹಾಗಾಗಿ ಅತ್ತೆ ಮಣ್ಣನ್ನು ಬರಿದಾಗಿ ಬಿಡುವುದಿಲ್ಲ. ಹೋಟೆಲಿನಿಂದ ತೆಂಗಿನ ಜುಟ್ಟು, ಕಾಫಿಯ ಚರಟ. ಬೀದಿಯ ಬೇವಿನ ಮರದಿಂದ ಒಣ ಎಲೆ. ಮಾರುಕಟ್ಟೆಯ ಮೂಲೆಯ ಎಳನೀರಿನ ಭಯ್ಯಾನಿಂದ ಎರಡು ಹೋಳಾಗಿ ಕಡಿದ ಸಿಪ್ಪೆ. ಎಲ್ಲವನ್ನೂ ಬಿಸಿಲಿಗೆ ಒಣಗಿಸಿ ಗಿಡದ ಸುತ್ತ ಹಾಸುತ್ತಾರೆ. ಕಾಲೇಜಿಗೆ ಹೋಗುವ ನನ್ನ ಮಗಳು ಒಂದು ದಿನ ಇದನ್ನು ನೋಡಿ, "ಅಜ್ಜಿ, ಇದಕ್ಕೆ ಮಲ್ಚಿಂಗ್ ಅಂತಾರೆ, ಪತಾ ಹೈ?" ಎಂದಳು. ಅತ್ತೆ ತಲೆಯೆತ್ತದೆ, "ಹೆಸರು ಇಟ್ಟಾಯ್ತಲ್ಲ, ಇನ್ನು ಆ ಗೋಣಿ ಎತ್ತಿ ಕೊಡು," ಎಂದರು.

ನಮ್ಮ ಸಾಲಿನ ಕೊನೆಯ ಮನೆ ನಿವಾಸಿಗಳ ಸಂಘದ ಕಾರ್ಯದರ್ಶಿಯವರದು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಪಂಜಾಬಿ ಹಿರಿಯರು. ಎಲ್ಲರೂ ಅವರನ್ನು ಸೆಕ್ರೆಟರಿ ಸಾಹೇಬರು ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಅವರು ತಮ್ಮ ಮನೆಯ ಮುಂದಿನ ಪಟ್ಟಿಯನ್ನು ಹೊಸದಾಗಿ ಮಾಡಿಸಿದರು. ಹುಲ್ಲು ಕೀಳಿಸಿ, ನೆಲ ತಟ್ಟಿಸಿ, ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಮೊಟ್ಟೆಯ ಹಾಗೆ ನುಣುಪಾದ ಬಿಳಿಕಲ್ಲು ಸುರಿಸಿದರು. ಅಂಚಿಗೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ನಡುವೆ ಕುಂಡಗಳು, ಒಂದು ಪುಟ್ಟ ಸೋಲಾರ್ ದೀಪ. ನೋಡಲು ನಿಜಕ್ಕೂ ಚೆನ್ನಾಗಿತ್ತು. ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ದಾರಿಯಲ್ಲಿ ಹೋಗುವವರು ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು.

ಆಮೇಲೆ ಸಂಘದಲ್ಲಿ ಒಂದು ವಿಚಾರ ಎದ್ದಿತು: ಇಡೀ ಸಾಲಿಗೆ ಹೀಗೆಯೇ ಮಾಡಿಸಿದರೆ ಹೇಗೆ? ಧೂಳಿಲ್ಲ, ಕೆಸರಿಲ್ಲ, ಎಲ್ಲ ಒಂದೇ ಥರ. ಬೇರೆ ಮನೆಗಳವರು ಒಬ್ಬೊಬ್ಬರಾಗಿ ಒಪ್ಪಿದರು. ಉಳಿದದ್ದು ನಮ್ಮ ಮನೆ. ಅಮ್ಮನಿಗೂ ವಯಸ್ಸಾಯಿತು, ಬಗ್ಗಿ ಏಳುವುದು ತಪ್ಪುತ್ತದೆ, ಹಾಕಿಸಿಬಿಡುವ ಎಂಬುದು ನನ್ನ ಗಂಡನ ಮಾತು. ಪ್ಲಾಸ್ಟಿಕ್ ಹಾಸಿದರೆ ಬೇರು ಎಲ್ಲಿಂದ ಕುಡಿಯಬೇಕು ಎಂಬುದು ಅತ್ತೆಯ ಪ್ರಶ್ನೆ. ಮಲ್ಲಿಗೆಯನ್ನು ಕುಂಡಕ್ಕೆ ಎತ್ತಿಡಬಹುದಲ್ಲ ಎಂದು ನಾನು ಹೇಳಿದೆ. ಅತ್ತೆ ಅದನ್ನೂ ಒಮ್ಮೆ ಕುಂಡಕ್ಕೆ ಹಾಕಿ ನೋಡಿದ್ದರಂತೆ. ಜೂನ್ ಮುಗಿಯುವ ಮೊದಲೇ ಗಿಡ ಕಡ್ಡಿಯಾಗಿತ್ತು. ಉತ್ತರ ಹೇಳುವುದನ್ನು ನಾವು ಮುಂದೂಡುತ್ತ ಬಂದೆವು.

ಆ ಬೇಸಗೆಯಲ್ಲಿ ನಾನು ಕಂಡದ್ದು ಇಷ್ಟು. ಜೂನ್ ತಿಂಗಳ ಒಂದು ನಡುಮಧ್ಯಾಹ್ನ ಸೆಕ್ರೆಟರಿ ಸಾಹೇಬರ ಬಿಳಿಕಲ್ಲಿನ ಮೇಲೆ ಕೈಯಿಟ್ಟರೆ ಇಟ್ಟಷ್ಟೇ ಬೇಗ ತೆಗೆಯಬೇಕಾಯಿತು. ನಮ್ಮ ಸಿಪ್ಪೆಯ ಕೆಳಗೆ ಬೆರಳು ತೂರಿಸಿದರೆ ಮಣ್ಣು ತಣ್ಣಗಿತ್ತು, ಬೆರಳಿಗೆ ಅಂಟಿತು. ಧೂಳು ಹೊತ್ತ ಆಂಧಿ ಬೀಸಿ ಹೋದ ಮೇಲೆ ಕಲ್ಲೆಲ್ಲ ಬೂದುಬಣ್ಣಕ್ಕೆ ತಿರುಗಿತು. ಅವರು ಪೈಪು ಹಿಡಿದು ತೊಳೆದರು. ಕುಂಡದ ಗಿಡಗಳ ಎಲೆಯ ಅಂಚು ಸುಟ್ಟಿತು. ಅತ್ತೆಯ ಮಲ್ಲಿಗೆ ಆ ವರ್ಷ ಒಂದು ದಿನವೂ ಕೈಕೊಡಲಿಲ್ಲ. ಗಂಡ ಸ್ಕೂಟರಿನ ಡಬ್ಬಿಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಮಾಲೆ ಇಟ್ಟುಕೊಂಡು ಬೆಳಿಗ್ಗೆ ಬೆಳಿಗ್ಗೆ ಹೊರಡುತ್ತಿದ್ದರು.

ಮಳೆ ಬಂತು. ಅದರ ಹಿಂದೆಯೇ, ಪ್ರತಿವರ್ಷದಂತೆ, ಸೊಳ್ಳೆ ತಪಾಸಣೆಯವರು ಮನೆಮನೆಗೆ ಬಂದರು. ಇಬ್ಬರು ಹೆಂಗಸರು, ಕೈಯಲ್ಲಿ ಟಾರ್ಚು. ಕೂಲರ್, ಕುಂಡದ ತಟ್ಟೆ, ಟೆರೇಸಿನ ಟ್ಯಾಂಕು ಎಲ್ಲ ನೋಡಿ ಹೊರಗೆ ಬಂದವರು ಮಲ್ಲಿಗೆಯ ಬುಡದಲ್ಲಿ ಬಗ್ಗಿದರು. ಅತ್ತೆ ಎಳನೀರಿನ ಹೋಳುಗಳನ್ನೆಲ್ಲ ಬಾಯಿ ಮೇಲೆ ಮಾಡಿ, ಬಟ್ಟಲು ಜೋಡಿಸಿದ ಹಾಗೆ ಹಾಸಿದ್ದರು. ಪ್ರತಿಯೊಂದರಲ್ಲೂ ಮಳೆನೀರು. ಆ ಹೆಂಗಸು ಒಂದನ್ನು ಎತ್ತಿ ಟಾರ್ಚು ಬಿಟ್ಟು ಅತ್ತೆಯ ಮುಖದ ಹತ್ತಿರ ಹಿಡಿದಳು. ನೀರಿನಲ್ಲಿ ದಾರದ ತುಂಡಿನಂತಹ ಹುಳುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ನಾನೂ ನೋಡಿದೆ, ಅನುಮಾನಕ್ಕೆ ಎಡೆಯಿರಲಿಲ್ಲ.

ಅತ್ತೆ ಇನ್ನೊಂದು ಹೋಳು ತೋರಿಸು ಎಂದರು. ಅದರಲ್ಲೂ ಇತ್ತು. ಮತ್ತೊಂದು ತೋರಿಸು ಎನ್ನಲಿಲ್ಲ.

ನೋಟಿಸು ಬರೆಯುವ ಹೊತ್ತಿಗೆ ಸೆಕ್ರೆಟರಿ ಸಾಹೇಬರೂ ಬಂದು ನಿಂತಿದ್ದರು. ಅವರದು ಕೆಟ್ಟ ನಾಲಿಗೆಯಲ್ಲ, ಆದರೆ ಅವಕಾಶ ಸಿಕ್ಕರೆ ಬಿಡುವವರೂ ಅಲ್ಲ. "ಮಾತಾಜಿ, ಇದು ಬಗೀಚಾ ಅಲ್ಲ, ಸೊಳ್ಳೆಗಳ ಧರ್ಮಶಾಲೆ," ಎಂದರು. ಮೇಲಿನ ಬಾಲ್ಕನಿಗಳಲ್ಲಿ ನಿಂತವರು ನಕ್ಕರು. ಬರುವ ಭಾನುವಾರ ಸಂಘದವರು ಇಲ್ಲಿಯೇ ಸೇರುತ್ತೇವೆ, ಅಷ್ಟರೊಳಗೆ ಇದನ್ನೆಲ್ಲ ತೆಗೆಸಿ, ಗಿಡ ಕೀಳಿಸಿ ಕಲ್ಲು ಹಾಕಿಸಲು ಒಪ್ಪಿಬಿಡಿ ಎಂದು ಹೇಳಿ ಹೋದರು.

ಅಂದು ಸಂಜೆ ಗಂಡ ಬಂದವರೇ ಅತ್ತೆಯ ಮುಂದೆ ಕೂತರು. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಜನರಿಗೆ ಊಟ ಬಡಿಸುವ ಮನೆತನ. ಸ್ವಚ್ಛತೆಯ ವಿಷಯದಲ್ಲಿ ಹೆಸರಿಗೆ ಒಂದು ಚುಕ್ಕೆ ಬಿದ್ದರೆ ಅಳಿಸುವುದು ಕಷ್ಟ.

"ಹೋಟೆಲಿನವರ ಮನೆಗೇ ನೋಟಿಸು ಬಂತು ಅಂದ್ರೆ ಜನ ಎಂತ ಹೇಳ್ತಾರೆ ಅಮ್ಮ?"

"ಜನ ಹೇಳುವುದು ಸರಿಯೇ," ಎಂದರು ಅತ್ತೆ. "ಹುಳ ಇದ್ದದ್ದು ಹೌದಲ್ವಾ?"

ನಾನು ಡೆಸ್ಕಿನಲ್ಲಿದ್ದಾಗ ತಪ್ಪು ತೋರಿಸಿದ ಕೂಡಲೇ "ಆದರೆ" ಎಂದು ಶುರು ಮಾಡುವವರನ್ನು ದಿನವೂ ನೋಡಿದ್ದೇನೆ. ಅತ್ತೆಯ ಬಾಯಲ್ಲಿ ಆ ಶಬ್ದ ಬರಲಿಲ್ಲ. ಆ ಸಂಜೆ ನನಗೆ ಅವರ ಬಗ್ಗೆ ಹುಟ್ಟಿದ ಹೆಮ್ಮೆ ಇನ್ನೂ ಇಳಿದಿಲ್ಲ.

ತಪ್ಪು ಎಲ್ಲಾಯಿತು ಎಂಬುದನ್ನೂ ಅವರೇ ಹುಡುಕಿ ಹೇಳಿದರು. ಅವರ ತವರಿನಲ್ಲಿ ತೆಂಗಿನ ಮರದ ಸುತ್ತ ಸಿಪ್ಪೆಯನ್ನು ಬಾಯಿ ಮೇಲಾಗಿಯೇ ಇಡುತ್ತಾರೆ, ಮಳೆನೀರು ಹಿಡಿದಿಟ್ಟುಕೊಳ್ಳಲಿ ಎಂದು. ಆದರೆ ಅದನ್ನು ಹೊಂಡದಲ್ಲಿ ಇಟ್ಟು ಮೇಲೆ ಮಣ್ಣು ಮುಚ್ಚುತ್ತಾರೆ. ಅತ್ತೆಗೆ ಇಡುವ ಕ್ರಮ ಕೈಯಲ್ಲೇ ಉಳಿದಿತ್ತು. ಮುಚ್ಚಲು ಇಲ್ಲಿ ಮಣ್ಣೆಲ್ಲಿದೆ? ಮಲ್ಬಾದ ಮೇಲೆ ಹೋಳುಗಳನ್ನು ಜೋಡಿಸಿ ಹಾಗೆಯೇ ಬಿಟ್ಟಿದ್ದರು. ಊರಿನ ಅರ್ಧ ಕೆಲಸವನ್ನು ದೆಹಲಿಗೆ ತಂದು, ಅದೇ ಪೂರ್ತಿ ಎಂದುಕೊಂಡದ್ದು. ಇಷ್ಟು ವರ್ಷ ಸಿಕ್ಕಿಬೀಳದಿದ್ದುದಕ್ಕೂ ಕಾರಣವಿತ್ತು: ಮೊದಲೆಲ್ಲ ಎಲೆ, ಜುಟ್ಟು ಹೆಚ್ಚು, ಸಿಪ್ಪೆ ಕಡಿಮೆ. ಆ ವರ್ಷ ಎಳನೀರಿನ ಭಯ್ಯಾ ಧಾರಾಳವಾಗಿ ಕೊಟ್ಟಿದ್ದ.

ಮರುದಿನ ಬೆಳಿಗ್ಗೆ ಅತ್ತೆ ಈಳಿಗೆ ಮಣೆಯನ್ನು ಗೇಟಿನ ಹತ್ತಿರ, ರಸ್ತೆಗೆ ಮುಖ ಮಾಡಿ ಹಾಕಿಕೊಂಡು ಕೂತರು. ಒಳಗೆ ಕೂತು ಮಾಡಿ ಎಂದೆ. ಹೊರಗೆ ಬಂದ ನೋಟಿಸಿಗೆ ಒಳಗೆ ಕೂತು ಎಂತ ಮಾಡುವುದು ಎಂದರು. ಹೋಳುಗಳ ನೀರು ಚೆಲ್ಲಿ ಒಣಗಿಸಿಯಾಗಿತ್ತು. ಒಂದೊಂದನ್ನೇ ಈಳಿಗೆಗೆ ಒತ್ತಿ ಸಿಪ್ಪೆ ಸೀಳುವುದು, ಒಳಗಿನ ಗಟ್ಟಿ ಚಿಪ್ಪು ಬೇರೆ ಮಾಡುವುದು, ನಾರನ್ನು ಬೆರಳುದ್ದಕ್ಕೆ ಕೊಚ್ಚುವುದು. ನಾರು ಒಂದು ಕಡೆ ಗುಡ್ಡೆಯಾಯಿತು. ನೀರು ನಿಲ್ಲುವಂಥದ್ದು ಯಾವುದೂ ಮಣ್ಣಿಗೆ ಹೋಗಲಿಲ್ಲ. ಚಿಪ್ಪುಗಳನ್ನು ಒಡೆದು ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಟ್ಟರು. ಮಗಳು ಕಾಲೇಜಿಗೆ ಹೋಗುವ ಮೊದಲು, ಬಂದ ಮೇಲೆ, ಪಕ್ಕದಲ್ಲಿ ಕೂತು ನಾರು ಬಿಡಿಸಿದಳು. ಹಾಲಿನವನು, ಇಸ್ತ್ರಿಯವನು, ಎದುರು ಮನೆಯವರು, ಎಲ್ಲರೂ ನಿಂತು ಇದೇನು ಎಂದು ಕೇಳಿದರು. ಅತ್ತೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: ಸೊಳ್ಳೆಯಾಗಿತ್ತು, ಸರಿ ಮಾಡುತ್ತಿದ್ದೇನೆ.

ಹಳೆಯ ಹಾಸನ್ನು ಎತ್ತುವಾಗ ಇನ್ನೊಂದು ಸಂಗತಿ ಕಂಡಿತು. ಗೋಡೆಗೆ ತಾಗಿದ ಕಡೆ ಮಣ್ಣಿನ ಸಣ್ಣ ಗೆರೆ ಮೇಲಕ್ಕೆ ಹತ್ತಿತ್ತು. ಗೆದ್ದಲು. ಅತ್ತೆ ಅದನ್ನು ಕೆರೆದು, ಸ್ವಲ್ಪ ಹೊತ್ತು ಯೋಚಿಸಿ, ಮಗಳನ್ನು ಕರೆದುಕೊಂಡು ಸೆಕ್ರೆಟರಿ ಸಾಹೇಬರ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ನಾನು ನೋಡಿಲ್ಲ, ಮಗಳು ಹೇಳಿದ್ದು. ಅತ್ತೆ ಅವರ ಬಳಿ ಉಳಿದ ಕಲ್ಲು ಕೇಳಿದರಂತೆ. ಮೆಟ್ಟಿಲ ಕೆಳಗೆ ಮೂಟೆಗಳು ಬಿದ್ದಿದ್ದವು. ಅವರು ಖುಷಿಯಿಂದ, "ಅಚ್ಛಾ, ಮಾತಾಜಿ ಕೊನೆಗೂ ದಾರಿಗೆ ಬಂದರು," ಎಂದು ತಮ್ಮ ಮನೆಯ ಕೆಲಸದವನ ತಲೆಯ ಮೇಲೆ ಹೊರಿಸಿ ಕಳಿಸಿಕೊಟ್ಟರು.

ಅತ್ತೆ ಆ ಕಲ್ಲನ್ನು ಗೋಡೆಯುದ್ದಕ್ಕೂ ಒಂದು ಗೇಣು ಅಗಲಕ್ಕೆ, ಪ್ಲಾಸ್ಟಿಕ್ ಇಲ್ಲದೆ, ನೇರ ಮಣ್ಣಿನ ಮೇಲೆ ಹಾಕಿಸಿದರು. ಮಾಳಿಗೆಯ ಪೈಪಿನಿಂದ ಮಳೆನೀರು ಬೀಳುವ ಜಾಗದಲ್ಲಿ ಇನ್ನಷ್ಟು ಹಾಕಿಸಿದರು. ಅಲ್ಲಿ ಪ್ರತಿ ಮಳೆಗೂ ಮಣ್ಣು ಕೊಚ್ಚಿ ಹೋಗುತ್ತಿತ್ತು. ಗೆದ್ದಲು ಹತ್ತದಂತೆ ನಾರು ಗೋಡೆಗೆ ತಾಗಬಾರದು, ಗಿಡದ ಕಾಂಡಕ್ಕೂ ತಾಗಬಾರದು; ನಡುವೆ ಬೇರಿನ ಮೇಲೆ ಮಾತ್ರ, ಒಂದು ತೆಳು ಹಾಸಿಗೆಯ ಹಾಗೆ. ಮುಗಿಸಿ ದೂರ ನಿಂತು ನೋಡಿದಾಗ ಬಿಳಿಯ ಅಂಚು, ಒಳಗೆ ಕಂದು, ಅದರ ಮೇಲೆ ಹಸುರು. ರಾಯಭಾರ ಕಚೇರಿಗಳಿರುವ ಚಾಣಕ್ಯಪುರಿಗೆ ಕೆಲಸದ ಮೇಲೆ ಹೋದಾಗ ಕಾರಿನ ಕಿಟಕಿಯಿಂದ ಎಷ್ಟೋ ಬಂಗಲೆಗಳ ತೋಟ ನೋಡಿದ್ದೇನೆ. ಅವುಗಳ ಎದುರು ಇದನ್ನು ಇಟ್ಟರೆ ನಾನು ನಾಚಿಕೊಳ್ಳುವುದಿಲ್ಲ.

ಶನಿವಾರ ಸಂಜೆ ಮಗಳು ಗೇಟಿನ ಬಳಿ ಅತ್ತೆಯ ಜೊತೆ ಕೂತು ನಾರಿನ ಕೊನೆಯ ಬುಟ್ಟಿ ಬಿಡಿಸುತ್ತಿದ್ದಳು. ನಾನು ಚಹಾ ತಂದಾಗ ಅವಳು ಮಾತಿನ ನಡುವೆ ಇದ್ದಳು. ಕಲ್ಲು ಕೇಳಲು ಹೋದ ದಿನ ಅವಳು ಚಪ್ಪಲಿಯ ತುದಿಯಿಂದ ಅವರ ಅಂಗಳದ ಕಲ್ಲು ಸರಿಸಿ ನೋಡಿದ್ದಳಂತೆ. ಕೆಳಗಿನ ಪ್ಲಾಸ್ಟಿಕ್ ಅಲ್ಲಲ್ಲಿ ತಗ್ಗಾಗಿ, ಕಲ್ಲುಗಳ ನಡುವೆ ನೀರು ನಿಂತಿತ್ತಂತೆ. ಅದರಲ್ಲಿಯೂ ಹುಳ ಇದ್ದವು ಎಂದು ಅವಳ ವಾದ. ನಾನು ಅದನ್ನು ನೋಡಿಲ್ಲ. ಅತ್ತೆ ನೀರನ್ನು ನೋಡಿದ್ದರು, ಹುಳ ನೋಡುವಷ್ಟು ಕಣ್ಣು ಸಾಲದು ಎಂದರು.

"ನಾಳೆ ಮೀಟಿಂಗಲ್ಲಿ ನಾನೇ ಹೇಳ್ತೀನಿ ಅಜ್ಜಿ. ಸಬ್ ಕೇ ಸಾಮ್ನೇ. ಅವರು ನಿಮಗೆ ಧರ್ಮಶಾಲೆ ಅಂದ್ರಲ್ಲ."

"ಬೇಡ."

"ಯಾಕೆ? ಸುಳ್ಳೇನಲ್ವಲ್ಲ."

"ಸುಳ್ಳಲ್ಲ. ನಮ್ಮದು ತಪ್ಪಾಯ್ತು, ಸರಿ ಮಾಡಿದ್ದೇವೆ. ನಾಳೆ ಮಾತು ಅಷ್ಟಕ್ಕೇ. ಅವರದ್ದು ಅವರಿಗೆ ಹೇಳಲಿಕ್ಕೆ ಅವರ ಮನೆ ಉಂಟು," ಎಂದರು ಅತ್ತೆ. ಆಮೇಲೆ ಚಹಾದ ಲೋಟ ತೆಗೆದುಕೊಂಡು, "ಅವರ ಕಲ್ಲು ತಂದು ನಮ್ಮ ಗೋಡೆ ಉಳಿಸಿಕೊಂಡಿದ್ದೇವೆ ಮಾರಾಯ್ತಿ," ಎಂದು ಸೇರಿಸಿದರು.

ಮಗಳು ನನ್ನ ಕಡೆ ನೋಡಿದಳು. ಗೊತ್ತಿರುವ ಸಂಗತಿಯನ್ನು ಎಲ್ಲರಿಗೂ ತಿಳಿಸುವುದೇ ನನ್ನ ಉದ್ಯೋಗವಾಗಿತ್ತು ಎಂಬುದು ಅವಳಿಗೆ ಗೊತ್ತು. ಅಜ್ಜಿ ಹೇಳಿದ ಹಾಗೆ ಮಾಡು ಎಂದೆ.

ಭಾನುವಾರ ಹತ್ತು ಹನ್ನೆರಡು ಜನ ನಮ್ಮ ಗೇಟಿನ ಮುಂದೆ ಸೇರಿದರು. ಸೆಕ್ರೆಟರಿ ಸಾಹೇಬರು ನೋಟಿಸಿನ ವಿಷಯ ಹೇಳಿ, ಅಂಚಿಗೆ ಮಾತ್ರ ಹಾಕಿದ ತಮ್ಮ ಕಲ್ಲನ್ನು ನೋಡಿ ಹುಬ್ಬೇರಿಸಿದರು. ಉಳಿದದ್ದೂ ಕಲ್ಲೇ ಆಗಬೇಕು ಎಂದರು. ಅತ್ತೆ ಮಾತಾಡಲು ಎದ್ದರು. ಅವರ ಹಿಂದಿಯಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಬಸ್ಸು, ಗಿಡ, ಸಾಹೇಬರು ಎಲ್ಲಕ್ಕೂ ಒಂದೇ ಪ್ರತ್ಯಯ. ಮಗಳು ಅನುವಾದಕ್ಕೆಂದು ಮುಂದೆ ಬಂದಾಗ ಅವಳನ್ನು ಕೈಯಿಂದಲೇ ಹಿಂದಕ್ಕೆ ಸರಿಸಿದರು. ಹುಳ ಇದ್ದದ್ದು ನಿಜ, ಸಿಪ್ಪೆ ಇಟ್ಟ ಕ್ರಮ ನನ್ನದು, ತಪ್ಪೂ ನನ್ನದು ಎಂದರು. ಒಂದು ಬಕೆಟ್ ನೀರು ತರಿಸಿ ನಾರಿನ ಮೇಲೆ ಹೊಯ್ದರು. ನೀರು ಇಳಿಯಿತು. ಎಲ್ಲಿಯೂ ನಿಲ್ಲಲಿಲ್ಲ. ಇನ್ನೊಂದನ್ನು ಗೋಡೆಯ ಕಲ್ಲಿನ ಮೇಲೆ ಹೊಯ್ದರು. ಅದೂ ಇಳಿಯಿತು.

"ಭಾಯಿ ಸಾಬ್, ಸೊಳ್ಳೆಯವರನ್ನು ಮತ್ತೆ ಕರೆಸಿ," ಎಂದರು. "ಈ ಮಳೆಗಾಲ ಮುಗಿಯುವುದರೊಳಗೆ ಒಂದು ಹುಳ ಸಿಕ್ಕಿದರೂ ಮಲ್ಲಿಗೆಯನ್ನು ನಾನೇ ಕೀಳುತ್ತೇನೆ. ಸಿಗದಿದ್ದರೆ ಇದು ಹೀಗೇ ಇರಲಿ."

ನನ್ನ ಗಂಡ ನನ್ನ ಪಕ್ಕದಲ್ಲಿ ನಿಂತಿದ್ದರು. ಅತ್ತೆ ಮಾವನ ಗಲ್ಲಾದ ಮಾಲೆಯನ್ನೇ ಪಣಕ್ಕಿಟ್ಟಿದ್ದಾರೆ ಎಂದು ಅವರಿಗೆ ಗೊತ್ತಿತ್ತು.

ಸೆಕ್ರೆಟರಿ ಸಾಹೇಬರು ಸುತ್ತ ನೋಡಿದರು. ಜನ ನಾರಿನ ಮೇಲೆ ಕಾಲಿಟ್ಟು ಒತ್ತಿ ನೋಡುತ್ತಿದ್ದರು. ಇಷ್ಟೆಲ್ಲ ಕಷ್ಟ ಯಾಕೆ ಮಾತಾಜಿ, ನನ್ನ ಅಂಗಳ ನೋಡಿ, ಮಣ್ಣಿಲ್ಲ, ನೀರಿಲ್ಲ, ಹುಳವಿಲ್ಲ ಎಂದರು. ಮಗಳ ಬಾಯಿ ತೆರೆಯಿತು. ಅತ್ತೆ ಅವಳ ಕಡೆ ತಿರುಗಲೂ ಇಲ್ಲ. ಮಗಳು ಬಾಯಿ ಮುಚ್ಚಿಕೊಂಡು, ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಅವಳ ವಯಸ್ಸಿನಲ್ಲಿ ನಾನಾಗಿದ್ದರೆ ಮಾತು ನುಂಗಿಕೊಳ್ಳುತ್ತಿರಲಿಲ್ಲ. "ಚಲೋ, ಠೀಕ್ ಹೈ," ಎಂದರು ಸಾಹೇಬರು ಕೊನೆಗೆ. "ಮಳೆಗಾಲ ಮುಗಿಯುವ ತನಕ."

ಅದೇ ದಿನ ಮಧ್ಯಾಹ್ನದ ಊಟವಾದ ಮೇಲೆ ಅತ್ತೆ ಹೋಟೆಲಿನಿಂದ ಬಂದ ಮೈಸೂರುಪಾಕಿನ ಪೊಟ್ಟಣವನ್ನೂ, ಗೋಣಿ ಹೊಲಿಯುವ ಒಂದು ದಬ್ಬಣವನ್ನೂ ಹಿಡಿದು ಕೊನೆಯ ಮನೆಗೆ ಒಬ್ಬರೇ ಹೋದರು. ಏನು ಹೇಳಿದರೋ ಗೊತ್ತಿಲ್ಲ. ಕೇಳಿದರೆ, ಕಲ್ಲು ಕೊಟ್ಟದ್ದಕ್ಕೆ ಸಿಹಿ ಕೊಟ್ಟು ಬಂದೆ ಎಂದಷ್ಟೇ ಅಂದರು. ದಬ್ಬಣ ವಾಪಸು ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಹಾಲು ತರಲು ಹೋದಾಗ ಸೆಕ್ರೆಟರಿ ಸಾಹೇಬರು ಬನಿಯನ್ನಿನಲ್ಲಿ, ಸಣ್ಣ ಸ್ಟೂಲಿನ ಮೇಲೆ ಕೂತು, ಕಲ್ಲುಗಳನ್ನು ಒಂದು ಬದಿಗೆ ರಾಶಿ ಹಾಕಿ ಕಪ್ಪು ಹಾಳೆಗೆ ಚುಚ್ಚಿ ಚುಚ್ಚಿ ತೂತು ಮಾಡುತ್ತಿದ್ದರು. ನನ್ನನ್ನು ನೋಡಿ, ಗಾಳಿಯಾಡಲಿ ಅಂತ ಎಂದರು. ನಾನು ಒಳ್ಳೆಯದು ಎಂದೆ.

ತಪಾಸಣೆಯವರು ಮಳೆ ನಿಲ್ಲುವ ಮೊದಲು ಮತ್ತೆ ಬಂದರು, ಅದೇ ಇಬ್ಬರು ಹೆಂಗಸರು. ಮಲ್ಲಿಗೆಯ ಬುಡದಲ್ಲಿ ಕೂತು ನಾರನ್ನು ಕೈಯಿಂದ ಎತ್ತಿ ಎತ್ತಿ ನೋಡಿದರು, ಗೋಡೆಯ ಕಲ್ಲು ಸರಿಸಿ ನೋಡಿದರು. ಅತ್ತೆ ಗೇಟು ಹಿಡಿದು ನಿಂತಿದ್ದರು. ಏನೂ ಸಿಗಲಿಲ್ಲ. ಅವರಲ್ಲಿ ದೊಡ್ಡವಳು ಎದ್ದು ಕೈ ಒರೆಸಿಕೊಂಡು, ಅಮ್ಮಾಜಿ, ಹೀಗಿದ್ದರೆ ನಮಗೆ ಕೆಲಸವೇ ಇಲ್ಲ ಎಂದು, ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿದಳು. ಕೊನೆಯ ಮನೆಯಲ್ಲಿಯೂ ಕಲ್ಲು ಸರಿಸಿ ನೋಡಿದರು, ಅಲ್ಲಿಯೂ ಏನೂ ಇರಲಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.

ಮಲ್ಲಿಗೆ ಉಳಿಯಿತು. ಇಡೀ ಸಾಲಿಗೆ ಒಂದೇ ಥರದ ಕಲ್ಲು ಹಾಕಿಸುವ ಮಾತು ಸಂಘದಲ್ಲಿ ಮತ್ತೆ ಬರಲಿಲ್ಲ. ಆದರೆ ಒಬ್ಬರನ್ನು ನೋಡಿ ಒಬ್ಬರು, ಗೋಡೆಗೆ ಕಲ್ಲು, ಬೇರಿಗೆ ನಾರು ಎಂದು ಮಾಡಿಕೊಳ್ಳುತ್ತ ಬಂದರು. ಎಳನೀರಿನ ಭಯ್ಯಾ ಈಗ ಸಿಪ್ಪೆಯನ್ನು ಅತ್ತೆಗೆಂದು ಬೇರೆ ತೆಗೆದಿಡಬೇಕು. ಕೇಳುವವರು ಹೆಚ್ಚಾಗಿದ್ದಾರೆ. ಸೆಕ್ರೆಟರಿ ಸಾಹೇಬರ ಕುಂಡಗಳ ಮೇಲೂ ನಾರು ಕಾಣುತ್ತದೆ. ದಬ್ಬಣ ಮಾತ್ರ ಇನ್ನೂ ಅವರ ಮನೆಯಲ್ಲೇ ಇದೆ.

ಮುಂದಿನ ಏಪ್ರಿಲ್‌ನಲ್ಲಿ ಮೊದಲ ಮೊಗ್ಗು ಕಂಡ ದಿನ ಅತ್ತೆ ಯಾರಿಗೂ ಹೇಳಲಿಲ್ಲ. ಮೊಗ್ಗು ಮಾಲೆಗಾಗುವಷ್ಟು ಆದಾಗ ಬೆಳಿಗ್ಗೆ ಬೇಗ ಎದ್ದು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ಎಲೆಯಲ್ಲಿ ಸುತ್ತಿ ಸ್ಕೂಟರಿನ ಡಬ್ಬಿಯಲ್ಲಿ ತಾವೇ ಇಟ್ಟರು. ಗಂಡ ಹೊರಟು ಹೋದ ಮೇಲೆ ನಾವು ಮೂವರೂ ಅಡುಗೆಮನೆಯಲ್ಲಿ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಫೋನು ಬಂತು. ಮಗಳು ಸ್ಪೀಕರಿಗೆ ಹಾಕಿದಳು. ಹಿಂದೆ ತಟ್ಟೆಗಳ ಸದ್ದು, ದೋಸೆಯ ಆರ್ಡರು ಕೂಗುವ ಸದ್ದು.

"ಹಾಕಿದೆ ಅಮ್ಮ," ಎಂದರು ಗಂಡ. "ಗಲ್ಲಾ ತೆಗೀಲಾ?"

"ತೆಗಿ," ಎಂದರು ಅತ್ತೆ.